ಸಹಿ ಹಾಕದ ಜಾಹೆದಾ ಟೀಚರ್

ದೇವದುರ್ಗದ ಅತ್ತರು ವ್ಯಾಪಾರಿ ನಬೀಸಾಬರ ಮಗಳು ಜಾಹೆದಾ ಮನೆಯಲ್ಲಿ ದಖನಿ ಉರ್ದು ಮಾತಾಡುತ್ತ ಬೆಳೆದವರು. ಓದಿದ್ದು ಕನ್ನಡ. ೧೯೭೩ರಿಂದ ಮಾನ್ವಿಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದದ್ದೂ ಕನ್ನಡವನ್ನೇ.

ಹತ್ತು ವರ್ಷಗಳಾದ ಮೇಲೆ, ಊರಲ್ಲಿ ಮೆರವಣಿಗೆಯೊಂದರ ದಾರಿಯ ವಿಷಯಕ್ಕೆ ಹಿಂದೂ–ಮುಸ್ಲಿಮರ ನಡುವೆ ಹೊಡೆದಾಟವಾಗಿ ಕೆಲವು ಅಂಗಡಿಗಳು ಸುಟ್ಟುಹೋದವು. ವಾರದ ನಂತರ ಶಾಲೆ ತೆರೆದಾಗ, ಜಾಹೆದಾ ಅವರ ತರಗತಿಯ ಮಕ್ಕಳ ತಂದೆಯರು ನಾಲ್ವರು ಹೆಡ್‌ಮಾಸ್ಟರ ಕೋಣೆಯಲ್ಲಿ ಬಂದು ಕೂತಿದ್ದರು. ಹೆಡ್‌ಮಾಸ್ಟರು ಜಾಹೆದಾ ಅವರ ಹೆಸರಲ್ಲಿ ತಾವೇ ಬರೆದಿಟ್ಟಿದ್ದ ವರ್ಗಾವಣೆಯ ಅರ್ಜಿಯನ್ನು ಅವರ ಮುಂದೆ ಸರಿಸಿದರು.

"ನಿಮ್ಮ ಒಳ್ಳೇದಕ್ಕ ಹೇಳಾಕತ್ತೀವ್ರಿ ಟೀಚರ್," ಎಂದರು ತಂದೆಯರಲ್ಲೊಬ್ಬರು. "ರಾಯಚೂರಿನ ಉರ್ದು ಶಾಲಿಗೆ ಹೋಗ್ರಿ. ಅಲ್ಲಿ ನಿಮ್ಮ ಮಂದಿ ಅದಾರ."

"ನನಗ ಉರ್ದು ಕಲಿಸಾಕ ಬರಂಗಿಲ್ರಿ. ನನ್ನ ಮಂದಿ ಈ ಶಾಲ್ಯಾಗ ಅದಾರ," ಎಂದ ಜಾಹೆದಾ, ಅರ್ಜಿಯನ್ನು ಕೊನೆಯವರೆಗೂ ಓದಿದರು. "ಇದರಾಗ ಮೂರು ಕಾಗುಣಿತ ತಪ್ಪು ಅದಾವ."

ಕೆಂಪು ಶಾಯಿಯಲ್ಲಿ ಮೂರನ್ನೂ ತಿದ್ದಿ, ಸಹಿ ಹಾಕದೆ ಹಿಂದಿರುಗಿಸಿದರು.

ಮರುದಿನ ತರಗತಿಗೆ ಬಂದದ್ದು ಏಳೇ ಮಕ್ಕಳು. ಆ ಏಳು ಮಂದಿಗೇ ಒಂದು ದಿನವೂ ತಪ್ಪದೆ ಪಾಠ ಮಾಡಿದರು. ಹದಿನೈದು ದಿನಗಳಾದ ಮೇಲೆ ಕೂಲಿ ಕೆಲಸದ ಗೋಪಮ್ಮ ಮಗಳ ಕೈ ಹಿಡಿದು ಕರೆತಂದಳು.

"ಮನ್ಯಾಗ ಕುಂತು ಕಲ್ತದ್ದೆಲ್ಲ ಮರ್ಯಾಕತ್ತಾಳ್ರಿ ಯವ್ವಾ. ಯಾರ ಏನರ ಅಂದ್ಕೊಳ್ಲಿ, ಇಕಿ ಇಲ್ಲೇ ಕಲೀಲಿ."

ಆಮೇಲೆ ಒಬ್ಬೊಬ್ಬರೇ ಬಂದರು. ಆ ನಾಲ್ವರ ಮಕ್ಕಳು ಮಾತ್ರ ಬರಲಿಲ್ಲ. ಆ ಮಕ್ಕಳ ಹೆಸರುಗಳನ್ನು ಜಾಹೆದಾ ಹಾಜರಿ ಪುಸ್ತಕದಿಂದ ಹೊಡೆದುಹಾಕಲಿಲ್ಲ. ವರ್ಷ ಮುಗಿಯುವವರೆಗೂ ದಿನಾ ಬೆಳಿಗ್ಗೆ ಆ ಹೆಸರುಗಳನ್ನೂ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದರು.