ಹಿಂದಿನ ಎಡ ಬಾಗಿಲು

ಆಳಂದ ಬಸ್ ಸ್ಟ್ಯಾಂಡಿನೆದುರು ಬೇವಿನ ಮರದ ಕೆಳಗೆ ಬಾಡಿಗೆ ಕಾರು ನಿಲ್ಲಿಸುತ್ತಿದ್ದ ಚಾಂದಪಾಶಾ ಯಾವುದಕ್ಕೂ ಅಂಜುವ ಗಂಡಸಲ್ಲ ಎಂದು ಊರೆಲ್ಲ ನಂಬಿತ್ತು. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನೂ ನಂಬಿದ್ದೆ. ಹತ್ತೊಂಬತ್ತು ವರ್ಷ ಮಂದಿಯ ಲಾರಿ ಹೊಡೆದು, ಸೊಲ್ಲಾಪುರ, ಲಾತೂರು, ಹೈದರಾಬಾದಿನ ಧೂಳು ಕುಡಿದು, ಕೊನೆಗೆ ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಒಂದು ಹಳೆಯ ಬಿಳಿ ಮಾರುತಿಯನ್ನು ಸ್ವಂತ ಮಾಡಿಕೊಂಡವನು. ಅದು ಮನೆಗೆ ಬಂದ ದಿನ ಅವನ ಹೆಂಡತಿ ಖಾಸೀಂಬಿ ಓಣಿಗೆಲ್ಲ ಬೆಲ್ಲದ ಮಲೀದಾ ಹಂಚಿದ್ದಳು.

ಕಾರಿನ ಮುಂದಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಒಂದು ಇಂಗ್ಲಿಷ್ ಪುಸ್ತಕ ಇತ್ತು. ಯಾವ ಗುಂಡಿ ಏತಕ್ಕೆ, ಯಾವ ಹಿಡಿಕೆ ಏತಕ್ಕೆ ಎಂದು ಬರೆದದ್ದು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವನು. ಕೊಡು, ಓದಿ ಹೇಳುತ್ತೇನೆ ಅಂದೆ.

“ಏ ಮಾಸ್ತರ್ರ, ಪುಸ್ತಕಾ ಓದಿ ಗಾಡಿ ಹೊಡಿಯಾಂವ ಡ್ರೈವರ್ ಅಲ್ರಿ, ಗುಮಾಸ್ತ. ಈ ಗಾಡಿ ನನಗ ಅಂಗೈ ಗೆರಿ ಇದ್ದಂಗ. ಇದರಾಗ ನನಗ ಗೊತ್ತಿಲ್ಲದ್ದು ಒಂದು ಮೊಳಿ ಇದ್ರ ತೋರಸ್ರಿ, ಮೀಸಿ ಬೋಳಸ್ತೇನಿ!”

ಜಂಬದವನಿಗೆ ಬುದ್ಧಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆ ಪುಸ್ತಕದ ಚೀಲದ ಗಂಟು ಕಡೆಯವರೆಗೂ ಬಿಚ್ಚಲಿಲ್ಲ.

ಅವನ ಖಾಯಂ ಗಿರಾಕಿ ಎಂದರೆ ಹಿರೋಳ್ಳಿಯ ದೌಲತರಾಯ ಗೌಡರು. ಗೌಡರು ಕೂಡುವುದು ಹಿಂದಿನ ಸೀಟಿನ ಎಡಗಡೆ ಮಾತ್ರ. ಇಳಿಯುವಾಗ ಬಾಗಿಲನ್ನು ತಾವಾಗಿ ಎಂದೂ ತೆಗೆದವರಲ್ಲ. ಚಾಂದಪಾಶಾ ಇಳಿದು, ಸುತ್ತು ಹಾಕಿ ಬಂದು, ಹೊರಗಿನಿಂದ ತೆಗೆಯಬೇಕು. ಒಮ್ಮೆ ಗುಲ್ಬರ್ಗಾದಲ್ಲಿ ಇವನು ಬೀಡಿ ತರಲು ಹೋದವನು ಯಾರದೋ ಜೊತೆ ಮಾತಿಗೆ ನಿಂತ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಗೌಡರು ಅರ್ಧ ತಾಸು ಒಳಗೇ ಬೆಂದರು, ಬಾಗಿಲಿಗೆ ಮಾತ್ರ ಕೈ ಹಚ್ಚಲಿಲ್ಲ. ಅವರ ಹೆಂಡತಿ ಸುಭದ್ರಾಬಾಯಿ ಆ ಕಾರನ್ನು ಹತ್ತಿದ್ದೇ ಇಲ್ಲ. ಹೆಣ್ಣುಮಕ್ಕಳಿಗೆ ಬಸ್ಸಿದೆಯಲ್ಲ, ಸಾಕು ಎಂಬುದು ಗೌಡರ ಕಾಯಿದೆ.

ತೊಂಬತ್ತರ ಜೂನ್ ತಿಂಗಳಲ್ಲಿ ಗೌಡರು ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ತೀರಿಕೊಂಡರು. ಹತ್ತಿರ ಇದ್ದವನು ಮಗ ಹಣಮಂತರಾಯ ಒಬ್ಬನೇ. ಲಿಂಗಾಯತರು ಸತ್ತವರನ್ನು ಕೂಡಿಸಿ ಮಣ್ಣು ಮಾಡುವವರು. ಮಲಗಿಸಿ ತಂದರೆ ದಾರಿಯಲ್ಲೇ ಮೈ ಸೆಟೆದು ಊರಲ್ಲಿ ಕೂಡಿಸಲು ಬರುವುದಿಲ್ಲ. ಅದಕ್ಕೇ ಹಣಮಂತರಾಯ, ಅವರನ್ನು ಅಲ್ಲಿಗೆ ಕರೆತಂದಿದ್ದ ಚಾಂದಪಾಶಾನ ಕೈ ಹಿಡಿದುಕೊಂಡ. “ಪಾಶಾ, ಅಪ್ಪಾರನ್ನ ಕುಂದ್ರಿಸಿಕೊಂಡೇ ಒಯ್ಯಬೇಕೋ. ಯಾರೂ ಬರವಲ್ಲರು. ನೀ ಇಲ್ಲ ಅನಬ್ಯಾಡ.”

ಚಾಂದಪಾಶಾ ಇಲ್ಲ ಅನ್ನಲಿಲ್ಲ. ಗೌಡರನ್ನು ಅವರ ಜಾಗದಲ್ಲೇ ಕೂಡಿಸಿದರು. ಬಿಳಿ ದೋತರ ಸೀಳಿ ಕಂಕುಳ ಕೆಳಗಿಂದ ಬಿಗಿದು, ಅದರ ತುದಿಯನ್ನು ಎಡಬಾಗಿಲಿನ ಸಂದಿಯಲ್ಲಿ ಸಿಕ್ಕಿಸಿ ದವಾಖಾನೆಯ ಆಳು ಬಾಗಿಲನ್ನು ಧಡಾರನೆ ಬಡಿದ. ಬಲಗಡೆ ಮಗ ಕೂತು ಅಪ್ಪನ ಹೆಗಲು ಹಿಡಿದ.

ಸೊಲ್ಲಾಪುರ ದಾಟುವವರೆಗೆ ಚಾಂದಪಾಶಾನಿಗೆ ಏನೂ ಅನ್ನಿಸಲಿಲ್ಲವಂತೆ. ಆಮೇಲೆ ಹಿಂದೆ ಬರುವ ಲಾರಿ ನೋಡಲೆಂದು ಕನ್ನಡಿಗೆ ಕಣ್ಣು ಹಾಯಿಸಿದ. ಕನ್ನಡಿಯ ತುಂಬ ಗೌಡರ ಮುಖ. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಮಟಮಟ ಮಧ್ಯಾಹ್ನ, ರಸ್ತೆಯ ಎರಡೂ ಕಡೆ ಮಂದಿ ಬಿತ್ತುತ್ತಿದ್ದರು, ಆದರೂ ಅವನ ಅಂಗೈ ಬೆವತು ಸ್ಟೇರಿಂಗ್ ಜಾರತೊಡಗಿತು. ಒಂದು ಕುಣಿಯಲ್ಲಿ ಗಾಲಿ ಇಳಿದಾಗ ದೋತರದ ಬಿಗಿ ಸಡಿಲಿ ಗೌಡರ ಮೈ ಓರೆಯಾಗಿ ವಾಲಿತು, ಮುಂದಿನ ಎರಡು ಸೀಟಿನ ನಡುವಿನಿಂದ ತಲೆ ಇವನ ಎಡ ಹೆಗಲಿಗೆ ತಾಗಿತು. ಅಳುತ್ತಲೇ ನಿದ್ದೆ ಹೋಗಿದ್ದ ಹಣಮಂತರಾಯನಿಗೆ ಎಚ್ಚರವಾಗಲಿಲ್ಲ. ಕೂಗಬೇಕೆಂದರೆ ಚಾಂದಪಾಶಾನಿಗೆ ದನಿ ಬರಲಿಲ್ಲ. ಎರಡು ಹರದಾರಿ ಅವನು ಹಾಗೆಯೇ ಗಾಡಿ ಹೊಡೆದ, ಹೆಗಲ ಮೇಲೆ ಆ ತಣ್ಣನೆಯ ಹಣೆಯನ್ನು ಇಟ್ಟುಕೊಂಡೇ.

ಹಿರೋಳ್ಳಿಯಲ್ಲಿ ನಾಲ್ಕು ಮಂದಿ ಹೊರಗಿನಿಂದ ಬಾಗಿಲು ಜಗ್ಗಿದರು, ದೋತರದ ಸೀಳನ್ನು ಪರ್ ಎಂದು ಹರಿದರು, ಗೌಡರನ್ನು ಎತ್ತಿಕೊಂಡು ಹೋದರು. ಚಾಂದಪಾಶಾ ಇಳಿಯಲೇ ಇಲ್ಲ.

ಮೂರನೆಯ ದಿನ ಖಾಸೀಂಬಿಯನ್ನು ದರ್ಗಾಕ್ಕೆ ಕರೆದೊಯ್ದ. ಅವಳು ಎಡಗಡೆ ಕೂತಿದ್ದಳು. ಇಳಿಯಲು ಹಿಡಿಕೆ ಜಗ್ಗಿದರೆ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಇವನು ಸುತ್ತು ಹಾಕಿ ಬಂದು ಹೊರಗಿನಿಂದ ತೆಗೆದ, ಬೆಣ್ಣೆಯ ಹಾಗೆ ತೆರೆಯಿತು. ತಾನೇ ಒಳಗೆ ಕೂತು ಜಗ್ಗಿದ, ಇಲ್ಲ. ಎಣ್ಣೆ ಬಿಟ್ಟ, ಗುದ್ದಿದ, ಇಲ್ಲ. ಕೆಟ್ಟಿದ್ದರೆ ಹೊರಗಿನಿಂದಲೂ ತೆರೆಯಬಾರದಲ್ಲ? ಹೊರಗಿನಿಂದ ತೆರೆಯುತ್ತದೆ, ಒಳಗಿನಿಂದ ಇಲ್ಲ. ಒಳಗಿನಿಂದ ಬಾಗಿಲು ತೆಗೆಯದ ಮನುಷ್ಯ ಅವನಿಗೆ ಒಬ್ಬರೇ ಗೊತ್ತಿದ್ದರು.

“ಗೌಡ್ರು ಇಳಿದಿಲ್ರಿ ಮಾಸ್ತರ್ರ,” ಅಂದು ಸಂಜೆ ನನ್ನ ಮುಂದೆ ಕೂತು ಅಂದ. “ಅಲ್ಲೇ ಕುಂತಾರ. ತಾವೂ ತೆಗ್ಯಾಂಗಿಲ್ಲ, ಮಂದಿಗೂ ತೆಗ್ಯಾಕ ಬಿಡಾಂಗಿಲ್ಲ.”

ನಾನು ನಕ್ಕೆ. ಮೆಕ್ಯಾನಿಕ್‌ಗೆ ತೋರಿಸೋ ಮಾರಾಯ ಅಂದೆ. “ಏನಂತ ತೋರಸ್ಲಿ? ನನ್ನ ಗಾಡ್ಯಾಗ ನನಗ ಗೊತ್ತಿಲ್ಲದ್ದು ಐತಿ ಅಂತೇನು?” ಎಂದು ಸಿಟ್ಟಿನಿಂದ ಎದ್ದು ಹೋದ. ಗಾಡಿಯ ಬಗ್ಗೆ ತನಗೆ ತಿಳಿಯದ್ದು ಇದೆ ಎಂದು ಒಪ್ಪುವುದಕ್ಕಿಂತ ದೆವ್ವವಿದೆ ಎಂದು ಒಪ್ಪುವುದು ಅವನಿಗೆ ಸುಲಭವಾಗಿತ್ತು. ಅವನ ತಲೆಯ ಮೇಲೆ ಮೊಟಕಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು ನನಗೆ.

ಆದರೆ ಅಂಜಿಕೆ ನಿಜವಾಗಿತ್ತು. ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಟ್ಟ. ಬಾಗಿಲಿಗೆ ತಾಯಿತ ಕಟ್ಟಿದ. ಗೌಡರು ತಾಯಿತಕ್ಕೆ ಕೇಳುವವರಲ್ಲವೆಂದು ಮಠದಿಂದ ವಿಭೂತಿ ತಂದು ಬಳಿದ. ಎಡಬಾಗಿಲನ್ನು ತೆಗೆಯಲೇಬೇಕಾದರೆ ಮುಖ ಆಕಡೆ ಮಾಡಿ ತೆಗೆದು ಓಡಿಬರುತ್ತಿದ್ದ. ನಿಂಬರ್ಗಾದ ತೊಗರಿ ವ್ಯಾಪಾರಿಯೊಬ್ಬ ಒಳಗೆ ಸಿಕ್ಕಿಕೊಂಡು, ಕಿಡಕಿಯಿಂದ ಕೈ ಹಾಕಿ ತೆಗೆದುಕೊಂಡು ಇಳಿದು, ಊರೂರಿಗೆ ಸುದ್ದಿ ಹಬ್ಬಿಸಿದ. ಸುದ್ದಿಗೆ ಕಾಲು ಮೂಡಿದ ಮೇಲೆ ಗಿರಾಕಿಗಳು ಬೇವಿನ ಮರದ ಕಡೆ ಬರುವುದನ್ನೇ ಬಿಟ್ಟರು. ಎರಡು ತಿಂಗಳಲ್ಲಿ ಚಾಂದಪಾಶಾ ಅರ್ಧ ಆದ. ಹಗಲು ಹೊತ್ತಿನಲ್ಲೂ ಒಬ್ಬನೇ ಕಾರಿನಲ್ಲಿ ಕೂಡುತ್ತಿರಲಿಲ್ಲ.

ಕೊನೆಗೆ ಗಾಡಿ ಮಾರಲು ನಿಂತ. ಶುಕ್ರವಾರ ಗುಲ್ಬರ್ಗಾದಿಂದ ದಲ್ಲಾಳಿ ಬಂದು ಒಯ್ಯುವುದೆಂದು ಮಾತಾಯಿತು. ಖಾಸೀಂಬಿಯ ದನಿ ಗೋಡೆ ದಾಟಿ ನಮ್ಮ ಮನೆಗೆ ಬಂತು. “ಹತ್ತೊಂಬತ್ ವರ್ಷ ಮಂದಿ ಲಾರಿ ಹೊಡದ್ರಿ. ನಿಮ್ಮ ಮಾರಿ ನಾ ತಿಂಗಳಿಗೊಮ್ಮೆ ನೋಡ್ತಿದ್ದೆ. ಮತ್ತ ಲಾರಿ ಹತ್ತಾವ್ರೇನು?” ಅವನು ಅಳುತ್ತಿದ್ದ ಎಂದು ಆಮೇಲೆ ತಿಳಿಯಿತು.

ಬುಧವಾರ ಮುಂಜಾನೆ ಹಿರೋಳ್ಳಿ ಬಸ್ಸಿನಿಂದ ಸುಭದ್ರಾಬಾಯಿ ಇಳಿದರು. ಬರಿಗೈ, ಬೋಳು ಹಣೆ, ತಲೆ ತುಂಬ ಸೆರಗು. ನೇರವಾಗಿ ಬೇವಿನ ಮರದ ಕೆಳಗೆ ಬಂದರು.

“ನಮ್ಮವ್ರು ನಿನ್ನ ಗಾಡ್ಯಾಗ ಕುಂತಾರಂತ. ಖರೇನೇನಪ?”

ಚಾಂದಪಾಶಾನಿಗೆ ಹೌದೆಂದರೆ ಒಂದು ಕಷ್ಟ, ಇಲ್ಲವೆಂದರೆ ಇನ್ನೊಂದು. ಗೋಣು ಹಾಕಿದ.

“ಹಂಗಾರ ನನ್ನ ಊರಿಗೆ ಬಿಡು. ಅವರ ಜೋಡಿ ಹೋಗ್ತೇನಿ.”

ಬೇಡವೆನ್ನುವ ಧೈರ್ಯ ಅವನಿಗೆ ಇರಲಿಲ್ಲ. ಸುಭದ್ರಾಬಾಯಿ ಬಲಗಡೆಯಿಂದ ಹತ್ತಿ, ಎಡಗಡೆಯ ಜಾಗವನ್ನು ಬರಿದೇ ಬಿಟ್ಟು, ಮೈ ಮುದುಡಿಕೊಂಡು ಕೂತರು. ಕಾರು ಆಳಂದ ದಾಟಿತು. ಎರಡು ತಿಂಗಳಿಂದ ಅವನು ಅಂಜಿದ್ದು ಒಂದು ತೂಕ, ಈಗ ಅಂಜಿದ್ದು ಒಂದು ತೂಕ. ಇಷ್ಟು ದಿನ ಹಿಂದೆ ಇದ್ದದ್ದು ಮಾತಾಡದ ಗೌಡರು. ಈಗ ಅವರೊಡನೆ ಮಾತಾಡುವವರು ಬಂದಿದ್ದರು. ಗೌಡರು ಉತ್ತರ ಕೊಟ್ಟರೆ?

ಹಿರೋಳ್ಳಿ ಇನ್ನೂ ಒಂದು ಮೈಲಿ ಇದೆ ಎನ್ನುವಾಗ, ಗೌಡರನ್ನು ಮಣ್ಣು ಮಾಡಿದ್ದ ಅವರ ಸ್ವಂತ ಹೊಲದ ಬದಿಗೆ, ಬಾಯಿ ಗಾಡಿ ನಿಲ್ಲಿಸಲು ಹೇಳಿದರು. ಬಲಗಡೆಯಿಂದ ಇಳಿದು, ಸುತ್ತು ಹಾಕಿ ಎಡಗಡೆಗೆ ಬಂದು ನಿಂತರು.

“ಅವರ ಬಾಗಿಲಾ ತೆಗಿ.”

ಅವನು ತೆಗೆದ. ಮುಖ ತಿರುಗಿಸಿ ಓಡುವಂತಿರಲಿಲ್ಲ, ಎದುರಿಗೆ ಬಾಯಿ ನಿಂತಿದ್ದರು. ಗಾಳಿಗೆ ಮುಚ್ಚಬಾರದೆಂದು ಬಾಗಿಲಿನ ಅಂಚನ್ನು ಎರಡೂ ಕೈಯಿಂದ ಹಿಡಿದ.

ಸುಭದ್ರಾಬಾಯಿ ಬರಿದಾದ ಸೀಟಿನ ಜೊತೆ ಮಾತಾಡಿದರು. “ನಲವತ್ತೊಂದ್ ವರ್ಷ ಆತು ನಿಮ್ಮ ಮನಿಗೆ ಬಂದು. ನಂದು ಒಂದು ಮಾತು ಕೇಳಿಲ್ಲ ನೀವು. ಸೊಲ್ಲಾಪುರಕ್ಕ ಜೋಡಿ ಬರ್ತೇನಿ ಅಂದೆ, ಬ್ಯಾಡ ಅಂದ್ರಿ. ಕಡೀಕ ಬಾಯಾಗ ನೀರು ಯಾರು ಬಿಟ್ರು, ಅದೂ ಗೊತ್ತಿಲ್ಲ ನನಗ. ಹೋಗ್ಲಿ. ಈ ಬಡವ ನಿಮಗೇನು ಮಾಡ್ಯಾನ? ಅವನ ಹೊಟ್ಟಿ ಮ್ಯಾಲ ಯಾಕ ಕುಂತೀರಿ? ಸಾಕು. ಇಳೀರಿ.”

ಚಾಂದಪಾಶಾ ಅತ್ತ ನೋಡಲಾರದೆ ತನ್ನ ಕೈಗಳನ್ನೇ ನೋಡುತ್ತ ನಿಂತಿದ್ದ. ಕೈಯ ಪಕ್ಕದಲ್ಲಿ, ಬಾಗಿಲಿನ ದಪ್ಪ ಅಂಚಿನಲ್ಲಿ, ಕೊಂಡಿಯ ಕೆಳಗೆ, ಕಿರುಬೆರಳಿನ ಉಗುರಿನಷ್ಟು ಕರಿಯ ಗುಬುಟೊಂದು ಕಂಡಿತು. ಅದಕ್ಕೆ ಬಿಳಿ ಬಟ್ಟೆಯ ಎಳೆಗಳು ಸಿಕ್ಕಿಕೊಂಡಿದ್ದವು. ದೋತರದ ಸೀಳು. ಅವನು ಎಳೆಯನ್ನು ಹಿಡಿದು ಮೇಲಕ್ಕೆ ಜಗ್ಗಿದ. ಗುಬುಟು ಟಕ್ಕೆಂದು ಮೇಲೆದ್ದಿತು.

“ಇಳಿದಿರಬೇಕು,” ಅಂದರು ಬಾಯಿ. “ಕುಂತು ನೋಡಪ.”

ಕೂತ. ಬಾಗಿಲು ಹಾಕಿಕೊಂಡ. ಕಣ್ಣು ಮುಚ್ಚಿ ಹಿಡಿಕೆ ಜಗ್ಗಿದ. ತೆರೆಯಿತು. ಗುಬುಟನ್ನು ಕೆಳಗೆ ಒತ್ತಿ ಮತ್ತೆ ಹಾಕಿಕೊಂಡು ಜಗ್ಗಿದ. ಇಲ್ಲ. ಕಿಡಕಿಯಿಂದ ಕೈ ಹಾಕಿ ಹೊರಗಿನಿಂದ ತೆಗೆದು, ಗುಬುಟು ಎತ್ತಿ ಹಾಕಿಕೊಂಡು ಜಗ್ಗಿದ. ತೆರೆಯಿತು. ಹಿಂದೆ ಕೂತ ಮಕ್ಕಳು ಓಡುವ ಗಾಡಿಯ ಬಾಗಿಲು ತೆಗೆದು ಬೀಳಬಾರದೆಂದು ಗಾಡಿ ಮಾಡಿದವರೇ ಇಟ್ಟ ಚಿಲಕ ಅದು. ದೋತರದ ಸೀಳನ್ನು ಜಗ್ಗಿ ಹರಿದಾಗ ಕೆಳಗೆ ಇಳಿದಿತ್ತು. ಎರಡು ವರ್ಷ ಅವನ ಸ್ವಂತ ಗಾಡಿಯಲ್ಲಿ ಅವನ ಕಣ್ಣೆದುರೇ ಇತ್ತು. ಎರಡು ತಿಂಗಳ ಜ್ವರ ಒಂದೇ ಸಲ ಇಳಿದ ಹಾಗಾಗಿ ಅವನಿಗೆ ನಗು ಉಕ್ಕಿ ಬಂತು. “ಬಾಯೇರ, ಇಲ್ನೋಡ್ರಿ, ಇಲ್ಲಿ...” ಎನ್ನುತ್ತ ಹೊರಗೆ ಜಿಗಿದ.

ಬಾಯಿ ಅವನ ಬೆರಳನ್ನು ನೋಡಲಿಲ್ಲ. ಎರಡೂ ಕೈ ಮುಗಿದು ನಿಂತಿದ್ದರು, ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. “ಕೇಳಿದ್ರು,” ಅಂದರು. “ನಲವತ್ತೊಂದ್ ವರ್ಷದಾಗ ಇದೊಂದು ಮಾತು ಕೇಳಿದ್ರು.”

ಚಾಂದಪಾಶಾ ಬಟ್ಟೆಯ ಎಳೆಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

ಇದನ್ನು ಅವನು ನನಗೆ ಹೇಳಿದ್ದು ತೊಂಬತ್ತೆಂಟರಲ್ಲಿ, ಸುಭದ್ರಾಬಾಯಿ ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಖಾಸೀಂಬಿಗೂ ಹೇಳಿರಲಿಲ್ಲ. ಶುಕ್ರವಾರ ಬಂದ ದಲ್ಲಾಳಿಗೆ ಚಹಾ ಕುಡಿಸಿ ವಾಪಸು ಕಳಿಸಿದ. ಗಿರಾಕಿಗಳು ಮೆಲ್ಲಗೆ ಮರಳಿ ಬಂದರು. ದೆವ್ವ ಹ್ಯಾಂಗ ಹೋತೋ ಎಂದು ಯಾರು ಕೇಳಿದರೂ, “ಬಾಯೇರು ಇಳೀರಿ ಅಂದ್ರು, ಇಳಿದ್ರು” ಎನ್ನುತ್ತಿದ್ದ. ಎಂಟು ವರ್ಷ ನಾನು ಅವನನ್ನು ಪುಕ್ಕಲ, ದಡ್ಡ ಎಂದು ಕರೆದು ಎದುರಿಗೇ ನಕ್ಕಿದ್ದೇನೆ. ಅಷ್ಟು ಜಂಬದ ಮನುಷ್ಯ ಒಂದು ದಿನವೂ ಆ ಚಿಲಕವನ್ನು ನನಗೆ ತೋರಿಸಲಿಲ್ಲ. ನಾಚಿಕೆ ಈಗ ನನ್ನದು.

ಆ ದಿನ ಹೊಲದ ಬದಿಯಲ್ಲಿ ಬಾಯಿ ಕಣ್ಣೊರೆಸಿಕೊಂಡು ಕೇಳಿದರಂತೆ, “ಎತ್ತ ಹೋದ್ರಪ?”

ಹೆಣದ ತಲೆ ಹೆಗಲ ಮೇಲಿದ್ದಾಗಲೂ ಅಷ್ಟು ಅಂಜಿಕೆ ಆಗಿರಲಿಲ್ಲ ಎಂದ ಚಾಂದಪಾಶಾ. ಎಡವಟ್ಟಾಗಿ ಏನಾದರೂ ಅಂದರೆ ಆ ಹೆಣ್ಣುಮಗಳು ಏನಾಗಬಹುದು ಎಂಬ ಅಂಜಿಕೆ. ಹೊಲದಲ್ಲಿದ್ದ ಗೌಡರ ಸಮಾಧಿಯ ಗದ್ದುಗೆಯ ಕಡೆ ಕೈ ತೋರಿಸಿದ.

“ಹೊಲದ ಕಡಿ ಹೋದ್ರು ಬಾಯೇರ.”

ಬಾಯಿ ಆ ಕಡೆ ತಿರುಗಿದರು. ಆಮೇಲೆ ತೀರ ಸಣ್ಣ ದನಿಯಲ್ಲಿ, ಕೇಳಬಾರದ್ದನ್ನು ಕೇಳುವವರ ಹಾಗೆ, “ಹೋಗಾಗ ಹೊಳ್ಳಿ ನೋಡಿದ್ರೇನು?” ಅಂದರು.

“ನೋಡಿದ್ರು,” ಅಂದ ಚಾಂದಪಾಶಾ. “ನಿಂತು ನೋಡಿದ್ರು.”