ಮೂಕಿ ಚಿತ್ರದ ಹಂಸಾ

ಮೈಸೂರಿನ ಹವ್ಯಾಸಿ ನಾಟಕಗಳಲ್ಲಿ ಹಂಸಾಳ ಧ್ವನಿ ಮೈಕಿಲ್ಲದೆ ಕೊನೆಯ ಸಾಲಿಗೂ ಮುಟ್ಟುತ್ತಿತ್ತು. ಕಡಲಾಚೆಯ, ಇಂಗ್ಲಿಷಿನ ಊರಾದ ಪೊರಿರುವಾಕ್ಕೆ ಬಂದ ಮೇಲೆ ಆ ಧ್ವನಿ ಯಾರಿಗೂ ಬೇಡವಾಯಿತು. ನಾಟಕಕ್ಕೋ ಜಾಹೀರಾತಿಗೋ ಆಯ್ಕೆಗೆ ಹೋದಲ್ಲೆಲ್ಲ, "ನಿಮ್ಮ ಆಕ್ಸೆಂಟ್ ಸ್ವಲ್ಪ..." ಎಂದು ನಗುನಗುತ್ತಲೇ ಕಳಿಸಿದರು. ಹದಿನಾಲ್ಕು ವರ್ಷ ಅವಳು ರೆಸ್ಟ್ ಹೋಮಿನಲ್ಲಿ ಮುದುಕರಿಗೆ ಸ್ನಾನ ಮಾಡಿಸಿ, ಉಣಿಸಿ ದುಡಿದಳು.

ಐವತ್ತರ ಹೊತ್ತಿಗೆ ಅವಳನ್ನು ಹುಡುಕಿಕೊಂಡು ಬಂದವನು ಅಶ್ವಿನ್. ಇಲ್ಲೇ ಹುಟ್ಟಿ ಬೆಳೆದ ಕನ್ನಡದವರ ಮಗ. ಮಾತಿಲ್ಲದ ಕಪ್ಪು-ಬಿಳುಪು ಚಿತ್ರಗಳ ಹುಚ್ಚು ಅವನಿಗೆ. "ಆಂಟಿ, ನಿಮ್ಮ ಫೇಸ್ ಸಾಕು," ಎಂದ. ಆರು ವರ್ಷದಲ್ಲಿ ಮೂರು ಮೂಕಿ ಚಿತ್ರಗಳಾದವು. ಪುಕೆಕೊಹೆಯ ಈರುಳ್ಳಿ ಹೊಲದಲ್ಲಿ ಬೆನ್ನು ತಿರುಗಿಸಿ ನಿಂತೇ ಅವಳು ಅತ್ತದ್ದನ್ನು ಕಂಡವರು ಮರೆಯಲಿಲ್ಲ. ರೆಸ್ಟ್ ಹೋಮಿನಲ್ಲಿ ಲಕ್ವ ಹೊಡೆದು ಮಾತು ಹೋದ ಮುದುಕಿಯೊಬ್ಬಳು ಕಣ್ಣಲ್ಲೇ ನೀರು ಕೇಳುತ್ತಿದ್ದಳು, ಕಣ್ಣಲ್ಲೇ ಬೈಯುತ್ತಿದ್ದಳು. ಮಾತಿಲ್ಲದ ನಟನೆಯನ್ನು ಹಂಸಾ ಕಲಿತದ್ದು ಅವಳಿಂದ.

ನಾಲ್ಕನೆಯ ಚಿತ್ರವನ್ನು ಹೋದ ವರ್ಷ ಊರಿನ ಸಭಾಂಗಣದಲ್ಲಿ ತೋರಿಸಿದರು. ಮಗಳ ಸಾವಿನ ಸುದ್ದಿ ಕೇಳಿದ ತಾಯಿ ಒಲೆಯ ಮುಂದೆ ಕಲ್ಲಾಗಿ ನಿಲ್ಲುತ್ತಾಳೆ, ಸಾರು ಸೀಯುತ್ತದೆ. ಹಂಸಾ ಅಭಿನಯಿಸಿದ್ದು ಇದನ್ನು. ಆದರೆ ಅಶ್ವಿನ್ ಚಿತ್ರದಿಂದ ಸಾವಿನ ಸುದ್ದಿಯನ್ನೇ ಕತ್ತರಿಸಿದ್ದ. ಪರದೆಯ ಮೇಲೆ ಅವಳ ಮುಖ ಬಂದಾಗ ಯಾವಳದೋ ಕೀರಲು ಧ್ವನಿ, ಬೇಕೆಂದೇ ಸೊಟ್ಟ ಮಾಡಿದ ಇಂಗ್ಲಿಷಿನಲ್ಲಿ ಕಿರುಚಿತು: "ಅಯ್ಯೋ, ಮೈ ಕರಿ ಈಸ್ ಬರ್ನಿಂಗ್!"

ಸಭೆ ಗೊಳ್ಳೆಂದು ನಕ್ಕಿತು. ಹಂಸಾ ಎದ್ದು ಹೋಗಿ ದೀಪ ಹಾಕಿದಳು.

"ನಿಲ್ಸೋ ಅದನ್ನ!"

"ಆಂಟಿ, ಪ್ಲೀಸ್... ಸೈಲೆಂಟ್ ಆದ್ರೆ ಯಾವ ಥಿಯೇಟರೂ ತಗೊಳಲ್ಲ ಅಂದ್ರು. ಇಟ್ಸ್ ಜಸ್ಟ್ ಕಾಮಿಡಿ," ಎಂದ ಅಶ್ವಿನ್.

"ನನ್ನ ಒಂದು ಮಾತು ಕೇಳಿದ್ಯಾ? ಮಾತು ಸರಿಯಿಲ್ಲ ಅಂತ ಇಲ್ಲಿನವರು ನನ್ನ ಬಾಯಿ ಮುಚ್ಚಿಸಿದ್ರು. ನೀನು ಆ ಮುಚ್ಚಿದ ಬಾಯಿಗೆ ಇನ್ಯಾರದೋ ನಾಲಿಗೆ ಅಂಟಿಸಿದ್ದೀಯ. ನಿಮ್ಮಮ್ಮ ಹೀಗೇನೋ ಮಾತಾಡೋದು?"

ಅವನು ತಲೆ ತಗ್ಗಿಸಿದ. ಆದರೆ ಚಿತ್ರದಿಂದ ಆ ಧ್ವನಿಯನ್ನು ತೆಗೆಯಲಿಲ್ಲ. ಅವಳು ಸಹಿ ಹಾಕಿದ್ದ ಕರಾರಿನಲ್ಲಿ ಆ ಹಕ್ಕು ಅವನದೇ ಆಗಿತ್ತು. ಪತ್ರದ ಮೇಲೆ ಪತ್ರ ಬರೆದು ಹಂಸಾ ತನ್ನ ಹೆಸರನ್ನಾದರೂ ಕಿತ್ತು ಹಾಕಿಸಿದಳು. ಚಿತ್ರವೇನೋ ಚೆನ್ನಾಗಿಯೇ ಓಡಿತು. ಇಂಡಿಯನ್ ಅಂಗಡಿಯಲ್ಲಿ ಜನ ಅವಳನ್ನು ಗುರುತಿಸಿ, ಅದೇ ಸಾಲನ್ನು ಕೀರಲಾಗಿ ಆಡಿ ತೋರಿಸತೊಡಗಿದರು. ಒಬ್ಬಾತನಿಗಂತೂ "ಸಾರಿ ಆಂಟಿ" ಎನ್ನುವವರೆಗೂ ಅವಳು ದಾರಿ ಬಿಡಲಿಲ್ಲ.

ದೀಪಾವಳಿಗೆ ಅಶ್ವಿನ್ ಸಿಹಿ ಹಿಡಿದು ಬಂದ. "ಹೋಗ್ಲಿ ಬಿಡೆ, ಇನ್ನೂ ಹುಡುಗ ಅವನು," ಎಂದರು ಗಂಡ ಪದ್ಮನಾಭ.

"ಮೂವತ್ತೆರಡು ವರ್ಷದ ಹುಡುಗ!" ಎಂದು ಹಂಸಾ ಬಾಗಿಲಿಗೆ ಅಡ್ಡ ನಿಂತಳು. "ಸತ್ತ ಮಗಳನ್ನ ವಾಪಸ್ ಚಿತ್ರದೊಳಗೆ ಹಾಕು. ಆಮೇಲೆ ಬಾ."