ತೂಬಿನ ಮೇಲೆ ನಿಶ್ಚಿತಾರ್ಥ

ಕಳೆದ ವಾರ ಕಾಲುವೆ ಏರಿಯ ಮೇಲೆ ಕೂತು ನಿಶ್ಚಿತಾರ್ಥದ ಊಟ ಮಾಡಿದೆ. ಡೆಸ್ಟಿನೇಷನ್ ವೆಡ್ಡಿಂಗ್ ಅಂದುಕೊಳ್ಳಬೇಡಿ. ಹುಡುಗಿಯ ಅಪ್ಪನೂ ಹುಡುಗನ ಅಪ್ಪನೂ ತೂಬು ಬಿಟ್ಟು ಏಳಲು ಒಪ್ಪಲಿಲ್ಲ. ಮನೆಯ ಕಾರ್ಯ ಅವರಿದ್ದಲ್ಲಿಗೇ ಹೋಯಿತು.

ಊರು ಮಾನ್ವಿ ತಾಲ್ಲೂಕಿನ ಕುರ್ಡಿ. ಹುಡುಗಿ ಶಿವಲೀಲಾ, ರಾಯಚೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿರುವ ನರ್ಸ್. ಅವಳ ಅಪ್ಪ ಬಸಣ್ಣ, ಹುಡುಗನ ಅಪ್ಪ ಮಲ್ಲೇಶಪ್ಪ. ಇಬ್ಬರ ಗದ್ದೆಗೂ ಒಂದೇ ತೂಬು. ಒಬ್ಬ ಎದ್ದರೆ ಇನ್ನೊಬ್ಬ ತೂಬಿನ ಹಲಗೆ ತಿರುಗಿಸಿ ನೀರನ್ನು ತನ್ನ ಗದ್ದೆಗೆ ಬಿಟ್ಟುಕೊಳ್ಳುತ್ತಾನೆಂಬ ಭಯ. ಹಾಗಾಗಿ ಕಾಲುವೆ ಹರಿಯುವಷ್ಟು ದಿನ ಇಬ್ಬರದೂ ಅಲ್ಲೇ ವಾಸ, ಒಂದೇ ಬುತ್ತಿಯಲ್ಲಿ ಊಟ. (ಬಯಲಿಗೂ ಜೊತೆಯಾಗಿಯೇ ಹೋಗುತ್ತಾರೆ.)

ತೂಬು ಕಾಯಲು ಮಗನನ್ನು ಕೂರಿಸಬಹುದಿತ್ತಲ್ಲ? ಕೇಳಿದೆ. ಅವನು ಮಾವನ ಗದ್ದೆಗೇ ನೀರು ಬಿಟ್ಟಾನೆಂದು ಮಲ್ಲೇಶಪ್ಪನ ಅನುಮಾನ.

ಇದಕ್ಕಾಗಿ ಕಾರ್ಯ ಎರಡು ಸಲ ಮುಂದೆ ಹೋಗಿತ್ತು. ಇದೂ ತಪ್ಪಿದರೆ ಸಂಬಂಧವೇ ಬೇಡ ಎಂದು ಹುಡುಗನ ಅಜ್ಜಿ ಹೇಳಿಬಿಟ್ಟಿದ್ದರು.

ಸುಮ್ಮನಿರಲಾರದೆ ನಾನು ನನ್ನ ಜ್ಞಾನ ಬಿಚ್ಚಿದೆ. ನಮ್ಮ ಸುದ್ದಿಮನೆಯಲ್ಲಿ ಚುನಾವಣೆಗೂ ಕ್ರಿಕೆಟ್ಟಿಗೂ ಬಳಸುವ ಪದ ರೈವಲ್. ಮೂಲ ರೋಮಿನವರ ಲ್ಯಾಟಿನ್. ಅಲ್ಲಿ 'ರೀವುಸ್' ಎಂದರೆ ತೊರೆ. ಒಂದೇ ತೊರೆಯ ನೀರು ಬಳಸುವ ನೆರೆಯವ 'ರೀವಾಲಿಸ್'. ಎದುರಾಳಿ ಎಂಬ ಅರ್ಥ ಹುಟ್ಟಿದ್ದು ಅಲ್ಲಿಂದ.

ಬಸಣ್ಣ ಕೇಳಿದ. "ಅವ್ರಿಗೂ ಕಾಲುವಿ ಮ್ಯಾಲಿನವ್ರು ನೀರು ಬಿಡ್ತಿದ್ದಿಲ್ಲೇನ್ರೀ?"

ರೋಮಿನವರ ನೀರಿನ ಪಾಳಿ ಎಷ್ಟು ತಾಸಿನದು ಎಂದು ಮಲ್ಲೇಶಪ್ಪ ವಿಚಾರಿಸಿದ. (ನಿಘಂಟಿನಲ್ಲಿ ಅದಿಲ್ಲ.)

ದೇವದುರ್ಗದಿಂದ ಬಂದಿದ್ದ ಅಯ್ಯನವರು ಪಂಚಾಂಗ ತೆರೆದು ಮದುವೆಗೊಂದು ದಿನ ಹೇಳಿದರು. ಅಂದು ತನ್ನ ಪಾಳಿ ಎಂದ ಬಸಣ್ಣ. ಇನ್ನೊಂದು ದಿನ ಹೇಳಿದರು. ಅದು ಮಲ್ಲೇಶಪ್ಪನ ಪಾಳಿ. ಅಯ್ಯನವರು ಪಂಚಾಂಗ ಮುಚ್ಚಿದರು. ಅಜ್ಜಿ ನೆಲಕ್ಕೆ ಕೈಯೂರಿ ಏಳತೊಡಗಿದರು.

ತಲೆ ಬಗ್ಗಿಸಿ ಕೂತಿದ್ದ ಶಿವಲೀಲಾ ಆಗ ಬಾಯಿ ಬಿಟ್ಟಳು. "ಅಯ್ಯನೋರೆ, ಕಾಲುವಿ ಬಂದ್ ಆದ ಮ್ಯಾಲಿನ ದಿನ ನೋಡ್ರಿ. ಅವಾಗ ಇವ್ರಿಬ್ರಿಗೂ ಏನೂ ಕೆಲಸ ಇರಲ್ಲ."

ಅಪ್ಪಂದಿರು ಮುಖ ಮುಖ ನೋಡಿಕೊಂಡರು. ನೀರಿಲ್ಲ ಎಂದರೆ ಪಾಳಿಯಿಲ್ಲ, ತಕರಾರೂ ಇಲ್ಲ. ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. ಅಜ್ಜಿ ಮತ್ತೆ ಕೂತರು. ಬೇಸಿಗೆಯಲ್ಲೊಂದು ಮುಹೂರ್ತ ಸಿಕ್ಕಿತು. ಎಲೆ ಅಡಿಕೆ ಬದಲಾಯಿಸಿಕೊಂಡರು, ತೂಬಿನ ಮೇಲೆಯೇ.

ಕಾಲುವೆ ಹರಿಯುವಾಗ ಇವರು ರೈವಲ್‌ಗಳು, ಸರಿ. ಒಣಗಿದ ಮೇಲೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಗೊತ್ತಿಲ್ಲ, ನಮ್ಮಲ್ಲಿ ಬೀಗರು ಅನ್ನುತ್ತೇವೆ.